ತೂತು ಕೊಡದ ಮೆಚ್ಚುಗೆ
ನೀರು ತುಂಬಲು ಬಾರದ ಕೊಡ ಗಿಡಕ್ಕೆ ಹೇಳಿ ಮಾಡಿಸಿದ್ದು. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕುಂಡಕ್ಕೆ ಅದೊಂದನ್ನೇ ತುಂಬಿದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಿ ತಳ ಸೋರುವ ಕೊಡಕ್ಕೋ ತಗಡಿನ ಡಬ್ಬಿಗೋ ಹಾಕಿದರೆ ಸೋರುವ ದೋಷವೇ ಗುಣವಾಗುತ್ತದೆ. ಒಡಕು ಗಡಿಗೆ ಬೇರಿಗೆ ಗಾಳಿ ಕೊಡುತ್ತದೆ, ಮಳೆ ಹೆಚ್ಚಿರುವ ಕಿತ್ತೂರಿಗೆ ಅದು ಸರಿ. ರಾಮದುರ್ಗದ ಬಿಸಿಲಿಗೆ ತೇವ ಹಿಡಿದಿಡುವ ಪ್ಲಾಸ್ಟಿಕ್ಕೇ ವಾಸಿ, ನೆರಳಿನಲ್ಲಿಟ್ಟರೆ. ತಗಡು ತುಕ್ಕು ಹಿಡಿಯುತ್ತದಲ್ಲ ಎನ್ನುವವರುಂಟು. ಹಿಡಿಯಲಿ ಬಿಡಿ, ಅಷ್ಟರಲ್ಲಿ ಹಲವು ಸಲ ಕೊತ್ತಂಬರಿ, ಮೆಂತ್ಯ ಕೊಯ್ದಾಗಿರುತ್ತದೆ. ನೀರು ನಿಂತು ಸೊಳ್ಳೆಯಾಗುತ್ತದೆ ಎಂಬ ಆಕ್ಷೇಪಕ್ಕೆ ತೂತೇ ಉತ್ತರ. ಒಪ್ಪಲೇಬೇಕಾದ ಆಕ್ಷೇಪ ಒಂದೇ: ಹತ್ತಿಗೆ ಹೊಡೆದ ಕೀಟನಾಶಕ ಎಣ್ಣೆಯ ಡಬ್ಬಿ. ಎಷ್ಟು ತೊಳೆದರೂ ಅದರಲ್ಲಿ ತಿನ್ನುವ ಸೊಪ್ಪು ಬೆಳೆಯಬಾರದು.