‘ಫಣಿಯಮ್ಮ’: ವಿಧೇಯತೆಯೊಳಗಿನ ನಿರಾಕರಣೆ

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ವೈಧವ್ಯದ ಕ್ರೌರ್ಯವನ್ನು ದಾಖಲಿಸಿದ ಕಾದಂಬರಿಯೆಂದೇ ಪ್ರಸಿದ್ಧ. ಆ ಪ್ರಸಿದ್ಧಿಯಲ್ಲಿ ಕೃತಿಯ ಮತ್ತೊಂದು ಪ್ರಶ್ನೆ ಮರೆಯಾಗಿದೆ. ಇಡೀ ಸಮುದಾಯ ತಲೆಬಾಗಿದ ಕಟ್ಟಳೆಗೆ ಒಬ್ಬಿಬ್ಬರು ಮಾತ್ರ ತಲೆಬಾಗದೆ ನಿಲ್ಲುವುದು ಯಾವ ಬಲದಿಂದ?

ಕನ್ನಡ ಕಾದಂಬರಿ ಇದಕ್ಕೆ ಮೊದಲಿನಿಂದಲೂ ಕೊಟ್ಟ ಉತ್ತರವೊಂದಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ (1899) ಬಾಲವಿಧವೆ ಮನೆಯನ್ನು ತೊರೆದು ಸುಧಾರಕರ ಆಶ್ರಯ ಪಡೆಯುತ್ತಾಳೆ, ವಿದ್ಯೆ ಕಲಿತು ಮರುವಿವಾಹವಾಗುತ್ತಾಳೆ. ಅಲ್ಲಿ ಪ್ರತಿರೋಧದ ಬಲ ಮನೆಯ ಹೊರಗಿನಿಂದ ಬರುತ್ತದೆ. ಮಲೆನಾಡಿನ ಬ್ರಾಹ್ಮಣ ಅವಿಭಕ್ತ ಕುಟುಂಬದೊಳಗೆ ಬದುಕು ಸವೆಸಿದ ಫಣಿಯಮ್ಮನಿಗಾದರೋ ಅಂಥ ಹೊರಗು ಎಂಬುದೇ ಇಲ್ಲ. ಲೇಖಕಿಯ ಬಂಧುವರ್ಗದ ಹಿರಿಯ ಮಹಿಳೆಯೊಬ್ಬರ ಜೀವನವನ್ನು ಆಧರಿಸಿದ ಈ ಪಾತ್ರ ಬಾಲ್ಯದಲ್ಲೇ ವಿಧವೆಯಾಗಿ, ಋತುಮತಿಯಾದ ಮೇಲೆ ಕೇಶಮುಂಡನಕ್ಕೊಳಗಾಗಿ, ಮಡಿ ಮತ್ತು ಮಿತಾಹಾರದ ನಿಯಮಗಳನ್ನು ಹಿರಿಯರು ವಿಧಿಸಿದ್ದಕ್ಕಿಂತಲೂ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಮೇಲುನೋಟಕ್ಕೆ ಇವಳಷ್ಟು ವಿಧೇಯಳು ಕನ್ನಡ ಕಾದಂಬರಿಯಲ್ಲಿ ದುರ್ಲಭ.

ಆದರೆ ತರುಣ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ಹಠ ಹಿಡಿದಾಗ ಅವಳ ಪರವಾಗಿ ನಿಲ್ಲುವವಳು ಇದೇ ಫಣಿಯಮ್ಮ. ಅಸ್ಪೃಶ್ಯಳೆನಿಸಿದ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಕೈನೀಡುವವಳೂ ಇವಳೇ. ಈ ನಡೆಗಳನ್ನು ಕಾದಂಬರಿ ಬಂಡಾಯವೆಂದು ಚಿತ್ರಿಸುವುದಿಲ್ಲ. ಫಣಿಯಮ್ಮ ಶಾಸ್ತ್ರವನ್ನು ವಾದದಿಂದ ಗೆದ್ದವಳಲ್ಲ. ಅದು ಕೇಳುವ ಬೆಲೆಯನ್ನು ತನ್ನ ಮೈಯಿಂದ ತೆತ್ತು ಲೆಕ್ಕ ತಿಳಿದವಳು. ಆ ಬೆಲೆಯನ್ನು ಇನ್ನೊಬ್ಬಳು ತೆರಬೇಕಾಗಿಲ್ಲವೆಂಬ ನಿಶ್ಚಯ ಆ ತಿಳಿವಿನಿಂದಲೇ ಹುಟ್ಟುತ್ತದೆ. ತಾನು ಪಟ್ಟ ಪಾಡನ್ನು ಮುಂದಿನವರೂ ಪಡಲಿ ಎನ್ನುವ ಹಿರಿಯರ ಸಾಮಾನ್ಯ ನ್ಯಾಯ ಇಲ್ಲಿ ತಲೆಕೆಳಗಾಗಿದೆ. ಸಕೇಶಿಯಾಗಿ ಉಳಿಯಬಯಸುವ ಹುಡುಗಿಯ ಪರವಾಗಿ ಮಾತನಾಡುವುದು ಬೋಳುತಲೆಯ ಮುದುಕಿ ಎಂಬುದು ಪ್ರಸಂಗದ ಮರ್ಮ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961-62ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿದ ವಿಧೇಯತೆಯ ಪ್ರಯೋಗಗಳು ಇಲ್ಲಿ ನೆನಪಿಗೆ ಬರುತ್ತವೆ. ಪ್ರಯೋಗಕಾರನ ಆಜ್ಞೆಯಂತೆ ಮತ್ತೊಬ್ಬನಿಗೆ ವಿದ್ಯುದಾಘಾತ ನೀಡುತ್ತಿದ್ದೇವೆಂದು ನಂಬಿದ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೂ ಹೋದರು. ಜೊತೆಯಲ್ಲಿ ಕುಳಿತ ಇಬ್ಬರು, ಪ್ರಯೋಗಕಾರನೇ ಮೊದಲು ಏರ್ಪಡಿಸಿದ್ದಂತೆ, ನಡುವೆ ಎದ್ದು ನಿರಾಕರಿಸಿದ ಮತ್ತೊಂದು ಪ್ರಯೋಗದಲ್ಲಾದರೋ ಕೊನೆಮುಟ್ಟಿದವರು 40ರಲ್ಲಿ 4 ಮಂದಿ ಮಾತ್ರ. ಪ್ರತಿರೋಧವನ್ನು ಕೇವಲ ಸ್ವಭಾವದ ಗುಣವೆಂದು ಹೊಗಳುವ ರೂಢಿಯನ್ನು ಈ ಅಂಕಿಗಳು ಸಂದೇಹಕ್ಕೊಡ್ಡುತ್ತವೆ. ದಾಕ್ಷಾಯಿಣಿಯ ಕೆಚ್ಚು ಅವಳದೇ, ನಿಜ. ಅದು ಬರಿಯ ಹುಡುಗಾಟವೆಂದು ತಳ್ಳಿಹೋಗದಂತೆ ಕಾಯುವುದು ಮನೆಯ ಹಿರಿಯಳೊಬ್ಬಳ ಮಾತು.

ಹಾಗೆಂದು ಪ್ರಯೋಗಾಲಯವನ್ನೂ ಮಲೆನಾಡಿನ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಯೇಲ್‌ನಲ್ಲಿ ನಿರಾಕರಿಸಿದವನು ಬಾಗಿಲು ದಾಟಿ ತನ್ನ ಮನೆಗೆ ಹೋಗಬಲ್ಲ. ಆಜ್ಞೆ ಕೊಟ್ಟವನನ್ನು ಮತ್ತೆ ಕಾಣಬೇಕಾಗಿಲ್ಲ. ದಾಕ್ಷಾಯಿಣಿಯಂಥವಳು ಯಾರನ್ನು ಧಿಕ್ಕರಿಸುತ್ತಾಳೋ ಅವರ ಪಂಕ್ತಿಯಲ್ಲೇ ಮರುದಿನ ಉಣ್ಣಬೇಕು, ಅಥವಾ ಉಣ್ಣದಿರಬೇಕು. ಬಹಿಷ್ಕಾರದ ಭಯವಾದರೂ ಅವಳೊಬ್ಬಳನ್ನು ಮುಟ್ಟಿ ನಿಲ್ಲುವುದಿಲ್ಲ, ಮನೆಯವರನ್ನೆಲ್ಲ ಆವರಿಸುತ್ತದೆ. ಒತ್ತಾಯಿಸುವ ಕೈಗಳಲ್ಲಿ ಪ್ರೀತಿಯ ಕೈಗಳೂ ಇರುವುದರಿಂದ ಕೌಟುಂಬಿಕ ವಿಧೇಯತೆಯನ್ನು ಮೀರುವುದು ಇನ್ನಷ್ಟು ಕಠಿಣ.

ಕೃತಿಯ ಮಿತಿಯೂ ಇದೇ ನೆಲೆಯಲ್ಲಿದೆ. ಫಣಿಯಮ್ಮನ ಮಾತಿಗೆ ತೂಕ ಬಂದದ್ದು ದಶಕಗಳ ನಿಷ್ಕಳಂಕ ವೈರಾಗ್ಯದಿಂದ. ಕಟ್ಟಳೆಯನ್ನು ಪೂರ್ತಿ ಪಾಲಿಸಿದವಳಿಗೆ ಮಾತ್ರ ಅದನ್ನು ಸಡಿಲಿಸುವ ಹಕ್ಕು ದೊರೆಯುವುದಾದರೆ, ಮೊದಲ ದಿನವೇ ಒಲ್ಲೆನೆಂದ ಹುಡುಗಿಗೆ ತನ್ನದೇ ಆದ ಅಧಿಕಾರ ಯಾವುದು? ಇಂದಿರಾ ಅವರ ನಿರೂಪಣೆ ಫಣಿಯಮ್ಮನ ಮೇಲಿನ ಪೂಜ್ಯಭಾವದಲ್ಲಿ ಈ ತೊಡಕನ್ನು ಪೂರ್ತಿ ಎದುರಿಸುವುದಿಲ್ಲ. ಎದುರಿಸದಿದ್ದರೂ ಮುಚ್ಚಿಡುವುದಿಲ್ಲ ಎಂಬುದನ್ನು ಗಮನಿಸಬೇಕು: ಸಂತಳಂತೆ ಬದುಕಿದ ಹಿರಿಯಳ ಎದುರಿಗೆ, ಸಂತಳಾಗುವ ಇಚ್ಛೆಯೇ ಇಲ್ಲದ ಹುಡುಗಿಯೊಬ್ಬಳನ್ನು ಲೇಖಕಿ ತಂದು ನಿಲ್ಲಿಸಿದ್ದಾರೆ.