ಗಡಿ ಕಾಯುವವರ ಪರೀಕ್ಷೆ: ಅಳೆಯದೆ ಬಿಟ್ಟ ಗುಣ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗರಿಗೆ ಗಡಿ ಭದ್ರತಾ ಪಡೆ (ಬಿಎಸ್‌ಎಫ್), ಸಶಸ್ತ್ರ ಸೀಮಾ ಬಲ (ಎಸ್‌ಎಸ್‌ಬಿ) ಎಂದರೆ ಮೊದಲು ಓಟ: 24 ನಿಮಿಷದಲ್ಲಿ 5 ಕಿ.ಮೀ. ಈ ಓಟದ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು. ಓಟ, ಎತ್ತರ, ಎದೆಯಳತೆ ದಾಟಬೇಕಾದ ಹೊಸ್ತಿಲು ಮಾತ್ರ, ಅಂಕವಿಲ್ಲ. ಸಂದರ್ಶನವೂ ಇಲ್ಲ, ಅನುಭವವನ್ನೂ ಕೇಳುವುದಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರು ಮೇಲೇರುವುದು ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಕಾನ್‌ಸ್ಟೇಬಲ್ ಜಿಡಿ ಪ್ರಶ್ನೆಪತ್ರಿಕೆಯ ಅಂಕದಿಂದ. ಪರಿಶೀಲಿಸಬೇಕಾದದ್ದು ಅದನ್ನೇ.

80 ಪ್ರಶ್ನೆ, 160 ಅಂಕ, 60 ನಿಮಿಷ. ತರ್ಕ, ಸಾಮಾನ್ಯ ಜ್ಞಾನ, ಗಣಿತ, ಭಾಷೆ, ತಲಾ 20 ಪ್ರಶ್ನೆ. 2024ರಿಂದ ಇದನ್ನು ಕನ್ನಡದಲ್ಲೂ ಬರೆಯಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಭಾಷೆಯ ಭಾಗ ಇಂಗ್ಲಿಷ್, ಇಲ್ಲವೇ ಹಿಂದಿ. ಕನ್ನಡಕ್ಕೆ ಪೂರ್ತಿ ನ್ಯಾಯ ಸಿಕ್ಕಿತೆಂದು ಸಂಭ್ರಮಿಸುವವರು ಈ 40 ಅಂಕಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಅಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುತ್ತ ಬೆಳೆದವರಿಗೆ ಎದುರಿನವರ ಮಾತಿನ ಧಾಟಿ ಹಿಡಿಯುವುದು, ಹೊರಗಿನವರನ್ನು ನೋಯಿಸದೆ ವಿಚಾರಿಸುವುದು ಚಿಕ್ಕಂದಿನಿಂದಲೇ ರೂಢಿ. ಎಸ್‌ಎಸ್‌ಬಿ ಕಾಯುವ ನೇಪಾಳದ ಗಡಿಯಲ್ಲಿ ಬೇಕಾದದ್ದು ಇದೇ. ಅಲ್ಲಿ ಜನ ವೀಸಾ ಇಲ್ಲದೆ ಕೂಲಿಗೆ, ವ್ಯಾಪಾರಕ್ಕೆ, ನೆಂಟರ ಮನೆಗೆ ಓಡಾಡುತ್ತಾರೆ. ಅವರ ನಡುವೆ ಕಳ್ಳಸಾಗಣೆದಾರನನ್ನು ಗುರುತಿಸುವುದಕ್ಕೆ ಕಾಲಿನ ವೇಗ ಸಾಲದು. ಕಣ್ಣು, ಕಿವಿ, ನಾಲಗೆ ಪಳಗಿರಬೇಕು. ಈ ಪಳಗಿಕೆಗೆ ಪತ್ರಿಕೆಯಲ್ಲಿ ಒಂದು ಅಂಕವೂ ಇಲ್ಲ.

ಪಡೆಯ ಆದೇಶಗಳು ಹಿಂದಿಯಲ್ಲಿರುತ್ತವೆ, ಆದ್ದರಿಂದ ಹಿಂದಿ ಪರೀಕ್ಷೆ ಸರಿ ಎಂಬ ವಾದವಿದೆ. ಒಪ್ಪಲಾರೆ. ಆದೇಶದ ಹಿಂದಿಯನ್ನು ತರಬೇತಿಯಲ್ಲಿ ಕಲಿಸಬಹುದು. ಗಡಿಯ ಹಳ್ಳಿಯವರು ಆಡುವುದು ಬಂಗಾಳಿ, ಮೈಥಿಲಿ, ನೇಪಾಳಿ. ಇನ್ನೊಬ್ಬರ ನುಡಿಯನ್ನು ಕಲಿತು ಅವರ ವಿಶ್ವಾಸ ಗಳಿಸುವ ಶಕ್ತಿ ಕೆಲವು ತಿಂಗಳ ತರಬೇತಿಗೆ ದಕ್ಕುವುದಿಲ್ಲ. ಈ ವಿಶ್ವಾಸ ಏಕೆ ಬೇಕು? ಕಾವಲಿಗೆ ಜೀವದ ಬೆಲೆ ತೆರಬೇಕಾಗುತ್ತದೆ ಎಂಬುದು ಪಾವಗಡಕ್ಕೆ ಗೊತ್ತು: 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ಶಿಬಿರದ ಮೇಲೆ ನಕ್ಸಲರು ದಾಳಿ ನಡೆಸಿ ಪೊಲೀಸರನ್ನು ಕೊಂದರು. ಅಂಥ ಕಡೆ ಊರಿನವರ ವಿಶ್ವಾಸ ಬಂದೂಕಿನಷ್ಟೇ ಮುಖ್ಯ.

ಯಾರ ಶಿಫಾರಸೂ ನಡೆಯದ ಪರೀಕ್ಷೆ ಎಂಬ ಗೌರವ ಎಸ್‌ಎಸ್‌ಸಿಯ ಈ ಪರೀಕ್ಷೆಗೆ ಸಲ್ಲಬೇಕು. ಆದರೂ ಇದು ಅರೆ ಅಳತೆ. ಎನ್‌ಸಿಸಿ 'ಸಿ' ಪ್ರಮಾಣಪತ್ರಕ್ಕೆ ಶೇ 5ರಷ್ಟು ಹೆಚ್ಚುವರಿ ಅಂಕ ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಎರಡನೆಯ ಭಾರತೀಯ ಭಾಷೆಯಲ್ಲಿ ಮಾತನಾಡಿ ತೋರಿಸುವವರಿಗೂ ಅಷ್ಟೇ ಅಂಕ ಸಿಗಬೇಕು, ಭಾಷೆಯ ಭಾಗದಲ್ಲಿ ಕನ್ನಡಕ್ಕೂ ಆಯ್ಕೆ ಇರಬೇಕು.