ಎಣಿಸದೆ ಸೂಜಿ ಎತ್ತಬೇಡಿ

ಕಸೂತಿಯ ಗವಂತಿ ಹೊಲಿಗೆಯ ವಾಪಸು ದಾರಿಯ ಬಗ್ಗೆ ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ತಮಿಳುನಾಡಿನ ಕಂಬಂ ಕಣಿವೆಯಿಂದ ಓದುಗರೊಬ್ಬರ ಕಾಗದ ಬಂತು. ಅಲ್ಲಿನ ಕಪ್ಪಿಲಿಯ ಒಕ್ಕಲಿಗರ ಮನೆಯವರು, ಇಂದಿಗೂ ಮನೆಮಾತು ಕನ್ನಡ. ಚಿನ್ನಾಳಪಟ್ಟಿಯ ಸುಂಗುಡಿ ಸೀರೆಯ ಸೆರಗಿಗೆ ಕಸೂತಿಯ ಬಸವನನ್ನು ಹಾಕಬೇಕಂತೆ. ‘ಕಾರ್ಬನ್ ಕಾಗದ ಇಟ್ಟು ಚಿತ್ರ ಇಳಿಸಿಕೊಳ್ಳಲೇ?’ ಎಂದು ಕೇಳಿದ್ದಾರೆ.

ಬಸವನನ್ನು ಆರಿಸಿದ್ದು ಸರಿಯೇ. ಅವರ ಊರಿನ ನಂದಗೋಪಾಲನ ಗುಡಿಯಲ್ಲಿ ತಂಬಿರಾನ್ ಎತ್ತಿಗೇ ಪೂಜೆ. ಮಾಟ್ಟು ಪೊಂಗಲ್ ದಿನ ಜನ ಅಲ್ಲಿ ಸಾಲುಗಟ್ಟುತ್ತಾರೆ. ಕಾರ್ಬನ್ ಕಾಗದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಗೆರೆಯ ಮೇಲೆ ಹೊಲಿದದ್ದು ಬರೀ ಹೊಲಿಗೆ. ಧಾರವಾಡದ ಅಜ್ಜಿಯರು ಚಂದ್ರಕಾಳಿ ಸೀರೆಯ ಕಪ್ಪು ಮೈಮೇಲೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಬ್ಬಿಸಿದ್ದು ಎಳೆ ಎಣಿಸಿಯೇ. ಕಂಪ್ಯೂಟರ್ ಮಷಿನ್ನಿನಲ್ಲಿ ಹೊಡೆದದ್ದನ್ನೂ ಕಸೂತಿಯೆಂದು ಮಾರುವವರ ಜೊತೆಗಿನ ನನ್ನ ಜಗಳ ಹಳೆಯದು, ಖಾಯಂ ಓದುಗರಿಗೆ ಗೊತ್ತು. ಅಂಗಡಿಯವರು ಮುಂಭಾಗ ತೋರಿಸಿದರೆ ಸುಮ್ಮನೆ ಸೀರೆ ತಿರುವಿ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ ಥರ ಇರಬೇಕು. ಹಿಂದೆ ಬಿಳಿ ಕಾಗದ, ಸಿಕ್ಕುದಾರ ಕಂಡರೆ ಸೀರೆ ಅಲ್ಲೇ ಬಿಡಿ.

ಈಗ ಬಟ್ಟೆಯ ವಿಚಾರ, ನಿಜವಾದ ತೊಡಕು ಅಲ್ಲಿದೆ. ಸುಂಗುಡಿ ಮದುರೈಯ ಸೌರಾಷ್ಟ್ರ ಸಮುದಾಯದವರ ಕಲೆ. ಬಟ್ಟೆಗೆ ಸಣ್ಣ ಸಣ್ಣ ಗಂಟು ಹಾಕಿ ಬಣ್ಣಕ್ಕೆ ಅದ್ದಿದರೆ ಗಂಟಿದ್ದಲ್ಲಿ ಚುಕ್ಕಿ ಉಳಿಯುತ್ತದೆ. ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯಲ್ಲಿ ಈಗ ಕೈಗಂಟಿಗಿಂತ ಮೇಣದಚ್ಚಿನದೇ ಹೆಚ್ಚು. ಹತ್ತಿಯದಾದರೆ ಎಳೆ ಎಣಿಸಬಹುದು, ಕಣ್ಣಿಗೆ ಭೂತಗನ್ನಡಿ ಬೇಕಾದೀತು. ಅದೇ ಊರಿನ ಕೃತಕ ರೇಷ್ಮೆಯ ಸೀರೆಯಾದರೆ ಎಳೆ ಜಾರುತ್ತದೆ, ಎಣಿಸುವ ಆಸೆ ಬಿಡಿ.

ಮೊದಲು ಸೀರೆ ತೊಳೆಯಿರಿ. ಗಂಜಿ ಹೋಗಲಿ, ಕುಗ್ಗುವಷ್ಟು ಕುಗ್ಗಲಿ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಆಮೇಲೆ ಒಂದು ಅಂಗುಲದಲ್ಲಿ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಎಣಿಸಿ. ಕೈಪಿಡಿಗಳು ಎರಡೂ ಸಮ ಇರುವ ಮ್ಯಾಟಿ ಬಟ್ಟೆಯನ್ನು ನಂಬಿ ಬರೆದಂಥವು. ಸೀರೆಯಲ್ಲಿ ಅವು ಸಮ ಇರುವುದು ಅಪರೂಪ. ಹಾಸು 60, ಹೊಕ್ಕು 48 ಎಂದಿಟ್ಟುಕೊಳ್ಳಿ. ಎರಡೂ ಕಡೆ ನಾಲ್ಕು ನಾಲ್ಕು ಎಳೆ ಹಿಡಿದರೆ ಬಸವ ಒಂಟೆಯಷ್ಟು ಉದ್ದಕ್ಕೆ ನಿಲ್ಲುತ್ತಾನೆ. ಅಡ್ಡ ಹೊಲಿಗೆಗೆ ಹಾಸಿನ ಐದು ಎಳೆ, ಉದ್ದ ಹೊಲಿಗೆಗೆ ಹೊಕ್ಕಿನ ನಾಲ್ಕು ಎಳೆ ಹಿಡಿಯಿರಿ. ಎರಡೂ ಅಂಗುಲದ ಹನ್ನೆರಡನೇ ಒಂದು ಪಾಲಾಗುತ್ತವೆ, ಬಸವ ಬಸವನಂತೆಯೇ ಕಾಣುತ್ತಾನೆ.

ಜಾರುವ ಬಟ್ಟೆಗೆ ಅಂಗುಲಕ್ಕೆ 14 ಕಣ್ಣಿನ ವೇಸ್ಟ್ ಕ್ಯಾನ್‌ವಾಸ್ ಹಾಸಿ ಕಚ್ಚಾ ಹೊಲಿದುಕೊಳ್ಳಿ. ಕಸೂತಿ ಮುಗಿದ ಮೇಲೆ ನೀರು ಚಿಮುಕಿಸಿ, ಕ್ಯಾನ್‌ವಾಸಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎಳೆದು ತೆಗೆಯಿರಿ. ಇದಕ್ಕೆ ನನ್ನ ತಕರಾರಿಲ್ಲ, ಇಲ್ಲೂ ಎಣಿಕೆಯೇ ದಾರಿ. ಸೂಜಿ ಕ್ಯಾನ್‌ವಾಸಿನ ಎಳೆಯನ್ನು ಚುಚ್ಚದೆ ಕಣ್ಣಿನಲ್ಲೇ ಇಳಿಯಬೇಕು, ಇಲ್ಲದಿದ್ದರೆ ಎಳೆ ಹೊರಬರುವುದಿಲ್ಲ. ಇದಕ್ಕೆ ಮಾತ್ರ ಚೂಪು ಸೂಜಿ. ಎಳೆ ಎಣಿಸುವ ಹತ್ತಿಗೆ ಮೊಂಡು ಮೊನೆಯ 26ನೇ ನಂಬರಿನದು ಸಾಕು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಗಂಟಂತೂ ಬೇಡವೇ ಬೇಡ: ಸುಂಗುಡಿಯಲ್ಲಿ ಗಂಟೇ ಚಿತ್ತಾರ, ಕಸೂತಿಯಲ್ಲಿ ಗಂಟು ಅವಮರ್ಯಾದೆ. ಬಾಲ ಬಿಟ್ಟು ಹೊರಟು, ಕೊನೆಗೆ ಅದನ್ನು ಹೊಲಿಗೆಯೊಳಗೇ ಸೇರಿಸಿ.

ಗವಂತಿಯ ದಾರಿಯೂ ಎರಡೇ ಮಾತಿನದು. ಮುಖ್ಯ ಗೆರೆಯಲ್ಲಿ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ. ಬಸವನ ಕೊಂಬೋ ಬಾಲವೋ ಕವಲೊಡೆದಲ್ಲಿ ತುದಿಯವರೆಗೆ ಹೋಗಿ, ಖಾಲಿ ಜಾಗ ತುಂಬುತ್ತಾ ಕವಲಿಗೇ ಮರಳಿ, ಮುಂದೆ ಸಾಗಿ. ಬರುವಾಗ ಮುಖ್ಯ ಗೆರೆ ತಾನಾಗಿ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರ ಬರೆದ ಹೋಲ್ಬೈನ್ ಅವಳ ಮುಂಗೈಪಟ್ಟಿಯಲ್ಲಿ ಮೂಡಿಸಿದ ಕಪ್ಪು ಹೊಲಿಗೆಯೂ ಈ ಜಾತಿಯದೇ.

ಕಂಬಂನವರು ಸೆರಗಿಗೆ ಕೈ ಹಚ್ಚುವ ಮೊದಲು ರವಿಕೆ ತುಂಡಿನ ಮೇಲೆ ಒಂದು ಬಸವನನ್ನು ಹಾಕಿ ಕಳಿಸಲಿ. ಹಿಂಬದಿ ನೋಡಿಯೇ ಉತ್ತರ ಬರೆಯುತ್ತೇನೆ.